ಡ್ಯಾಂಪರ್ ಮತ್ತು ಧರ್ಮಪತ್ನಿಯ ಪಾದ

ನಮ್ಮ ಕಾರಿಗೆ ನಡುಕದ ಕಾಯಿಲೆ. ಸಿಗ್ನಲ್ಲಿನಲ್ಲಿ ನಿಂತರೆ ಕನ್ನಡಿಯಲ್ಲಿ ನಾನೊಬ್ಬನೇ ನಾಲ್ವರಾಗಿ ಕಾಣುತ್ತಿದ್ದೆ. ಎಂಜಿನ್ನಿನ ಮೂತಿಯಲ್ಲಿ ಡ್ಯಾಂಪರ್ ಎಂಬ ದಪ್ಪ ಕಬ್ಬಿಣದ ಚಕ್ರವಿದೆ. ಹೊಟ್ಟೆಯಲ್ಲಿ ರಬ್ಬರಿಟ್ಟುಕೊಂಡು ನಡುಕವನ್ನೆಲ್ಲ ನುಂಗುವುದೇ ಅದರ ಕೆಲಸ. (ಮನೆಯಲ್ಲಿ ಆ ಹುದ್ದೆ ನನ್ನದು.) ಅದರ ರಬ್ಬರು ಹರಿದಿತ್ತು. ಮೆಕ್ಯಾನಿಕ್ ಮುಂದಿನ ವಾರ ಬನ್ನಿ ಎಂದ. ಮಾವನವರು ಅಂದೇ ಸಂಜೆಯ ರೈಲಿಗೆ ಬರುವವರಿದ್ದರು. ಹೊಸ ಡ್ಯಾಂಪರ್ ತಂದು, ನಾನೇ ಬದಲಾಯಿಸುತ್ತೇನೆಂದು ಪಣ ತೊಟ್ಟೆ.

ಬೆಲ್ಟು ಕಳಚಿತು. ನಡುವಿನ ಬೋಲ್ಟು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ; ಸ್ಪ್ಯಾನರ್ ತಿರುಗಿಸಿದರೆ ಅದರ ಜೊತೆ ಎಂಜಿನ್ನೇ ತಿರುಗುತ್ತಿತ್ತು. ಉಪಾಯ ಒಂದೇ: ಕಾರನ್ನು ಗೇರಿನಲ್ಲಿಟ್ಟು ಯಾರಾದರೂ ಬ್ರೇಕನ್ನು ಬಲವಾಗಿ ತುಳಿದು ಹಿಡಿದಿರಬೇಕು. ಹೆಂಡತಿಯನ್ನು ಕರೆದು ಚಾಲಕಾಸನದಲ್ಲಿ ಪ್ರತಿಷ್ಠಾಪಿಸಿದೆ. ಅವಳು ಬ್ರೇಕಿನ ಮೇಲೆ ಹೂವಿನಂತೆ ಪಾದವಿಟ್ಟು ಅಕ್ಕನಿಗೆ ಫೋನು ಮಾಡಿದಳು. ಎಂಜಿನ್ನು ತಿರುಗಿತು.

"ಗಟ್ಟಿಯಾಗಿ ತುಳಿಯೇ."

"ತುಳೀತಾನೇ ಇದೀನಲ್ಲ. ನಿಮ್ಮ ಕೈಲಾಗದ್ದನ್ನ ನನ್ನ ಕಾಲಿನ ಮೇಲೆ ಯಾಕೆ ಹಾಕ್ತೀರಿ?"

ಬೇಸತ್ತು, "ನಿಮ್ಮಪ್ಪ ಸ್ಟೇಷನ್ನಿಂದ ಬಸ್ಸಲ್ಲಿ ಬಂದ್ರೆ ಸವೆದುಹೋಗ್ತಾರಾ?" ಎಂದೆ. ಫೋನು ಕಟ್ಟಾಯಿತು. ಬ್ರೇಕು ನರಳಿತು. ಬೋಲ್ಟು ಕೂದಲೆಳೆಯಷ್ಟು ಕದಲಿತು.

ವಿಜ್ಞಾನಕ್ಕೆ ತಿಳಿಯದ ಸತ್ಯವೊಂದು ನನಗೆ ಕಾರಿನಡಿ ಅಂಗಾತ ಬಿದ್ದಲ್ಲೇ ಹೊಳೆಯಿತು. ತಡಮಾಡದೆ ಮಾವನವರ ಗೊರಕೆಯನ್ನು ವರ್ಣಿಸಿದೆ. ಪಾದ ಕಬ್ಬಿಣವಾಯಿತು. "ಅವರು ಹಾಡಿದ ದಿನ ಪಕ್ಕದ ಮನೆಯವರು ಪೊಲೀಸರನ್ನ ಕರೆದದ್ದು ಕಳ್ಳ ಬಂದ ಅಂತಲ್ಲ, ಕಳ್ಳನಿಗೆ ಯಾರೋ ಹೊಡೀತಿದಾರೆ ಅಂತ" ಎಂದೆ. ಬೋಲ್ಟು ಟಕ್ಕೆಂದು ಶರಣಾಯಿತು. ಚಕ್ರವನ್ನು ಎಳೆದು ತೆಗೆಯುವ ಪುಲ್ಲರಿನ ಕೊಕ್ಕೆಗಳನ್ನು ಕಚ್ಚಿಸಿ ತಿರುಪಿದೆ. ಹಳೆಯ ಡ್ಯಾಂಪರ್ ಎದೆಯ ಮೇಲೆ ಬಿತ್ತು. ವಿಜಯಿಯಾಗಿ ಎದ್ದು ನೋಡಿದರೆ ಆಸನ ಖಾಲಿ, ಮನೆಯ ಬಾಗಿಲು ಬಂದ್.

ಹೊಸದನ್ನು ಕೂರಿಸಿದ ಮೇಲೆ ಹೊಳೆಯಿತು: ಬಿಗಿಯುವುದಕ್ಕೂ ಅದೇ ಪಾದ ಬೇಕು.

ಬಾಗಿಲ ಹೊರಗೆ ನಿಂತು ಮಾವನವರ ಗುಣಗಾನ ಮಾಡಿ, ಕ್ಷಮೆ ಕೇಳಿದೆ. ಬಂದು ಕೂತಳು. ಆದರೆ ಕ್ಷಮೆಯಿಂದ ಪಾದ ಮತ್ತೆ ಹೂವಾಗಿತ್ತು. ಎಂಜಿನ್ನು ತಿರುಗಿತು. ರೈಲಿಗೆ ಹೊತ್ತಾಗುತ್ತಿತ್ತು. ಕಣ್ಣು ಮುಚ್ಚಿ, ಕ್ಷಮೆಯನ್ನು ಸಾರಾಸಗಟಾಗಿ ಹಿಂತೆಗೆದುಕೊಂಡೆ. ಮಾವನವರ ಹಲ್ಲುಸೆಟ್ಟಿನ ವಿಷಯವನ್ನೂ ಸೇರಿಸಿದೆ. ಬೋಲ್ಟು ಬಿಗಿಯಾಯಿತು.

ನಾನು ಬೆಲ್ಟು ಹಾಕಿ ಆಚೆ ಬರುತ್ತಲೇ ಅವಳು ಕಾರು ಚಾಲೂ ಮಾಡಿ ಒಬ್ಬಳೇ ಸ್ಟೇಷನ್ನಿಗೆ ಹೊರಟಳು. ಕಾರು ಒಂದಿಷ್ಟೂ ನಡುಗಲಿಲ್ಲ. ಹಾಗಾಗಿ ಮರಳುವಾಗ ಅವಳ ಪ್ರತಿಯೊಂದು ಮಾತೂ ಮಾವನವರಿಗೆ ಸ್ಪಷ್ಟವಾಗಿ ಕೇಳಿಸಿರಬೇಕು.

ಕಾರು ಮನೆಯ ಮುಂದೆ ಬಂದು ನಿಂತಿತು. ಮಾವನವರು ಇಳಿದರು. ನನ್ನ ನಮಸ್ಕಾರವನ್ನು ದಾಟಿ, ಕಾರನ್ನು ಸುತ್ತಿ ಬಂದು, ಮಗಳು ಬಿಟ್ಟುಕೊಟ್ಟ ಚಾಲಕಾಸನದಲ್ಲಿ ಕೂತರು.

"ಅಳಿಯಂದಿರೇ, ಬೋಲ್ಟು ಇನ್ನೂ ಸ್ವಲ್ಪ ಸಡಿಲ ಇದ್ದ ಹಾಗಿದೆ" ಎಂದರು. "ನೀವು ಕೆಳಗೆ ಮಲಕ್ಕೊಳ್ಳಿ, ಬ್ರೇಕು ನಾನು ತುಳೀತೀನಿ. ನನ್ನ ಹಾಡಿನಿಂದಲೇ ಶುರುಮಾಡಿ."