ಕೆರೆಯ ಸುತ್ತ ಬಳಿದ ಹಸಿರು

ಸ್ಲೈಡಿನಲ್ಲಿ ಬರೀ ಅಕ್ಷರ ಇರುವವರೆಗೆ ನನಗೆ ಯಾರೊಂದಿಗೂ ತಕರಾರಿಲ್ಲ. ಚಿತ್ರ ಹಾಕಿದ ಕೂಡಲೇ ಏನಾದರೊಂದು ಆಗುತ್ತದೆ. ನಮ್ಮ ಕೆರೆಗಾಗಿ ಸ್ಲೈಡ್ ಮಾಡಿದ ತಿಂಗಳಲ್ಲಂತೂ ವಾರಕ್ಕೊಂದು ಆಯಿತು.

ನಾನು ದೊಡ್ಡನೆಕ್ಕುಂದಿಯ ಒಂದು ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡುತ್ತೇನೆ. ಇರುವುದು ಕೆರೆ ಪಕ್ಕದ ಬಾಡಿಗೆ ಮನೆಯಲ್ಲಿ. ಕೆರೆಗೆ ಈಗ ಬರುವುದು ಬಚ್ಚಲ ನೀರು ಮಾತ್ರ. ಮಳೆನೀರು ತರುತ್ತಿದ್ದ ಹಳೇ ಕಾಲುವೆ ಮಣ್ಣು, ಕಟ್ಟಡಗಳ ಕೆಳಗೆ ಎಲ್ಲೋ ಮುಚ್ಚಿಹೋಗಿದೆ. "ಎಲ್ಲಿತ್ತು ಅಂತ ತೋರಿಸಿ, ತೆಗೆಸ್ತೀನಿ" ಎಂದಿದ್ದರು ಪಾಲಿಕೆಯ ಇಂಜಿನಿಯರ್. ಅವರಿಗೆ ಮುಂದಿನ ತಿಂಗಳು ವರ್ಗ. ಊರಿನ ಹಿರಿಯರನ್ನು ಕೇಳಿದರೆ ಎಲ್ಲರಿಗೂ ಒಟ್ಟಿಗೇ ಮರೆವು. ಇಂಜಿನಿಯರ್ ಹೋಗುವ ಮೊದಲು ಉಳಿದದ್ದು ಒಂದೇ ಒಂದು ಸಭೆ. ಕೆರೆ ಸಮಿತಿಯ ಅಧ್ಯಕ್ಷೆ, ಪುಲಿಕೇಶಿನಗರದಲ್ಲಿ ಪಾಠ ಮಾಡಿ ನಿವೃತ್ತರಾದ ಟೀಚರ್, "ಚೆನ್ನಾಗಿ ಚಿತ್ರ ಹಾಕಮ್ಮ, ನೋಡಿದವರ ಮನಸ್ಸು ಕರಗಬೇಕು" ಎಂದರು.

೧. ಬೆಟ್ಟ

ಮೊದಲ ಸ್ಲೈಡಿಗೆ ಇಂಟರ್‌ನೆಟ್ಟಿನಿಂದ ಒಂದು ಕೆರೆ ತಂದೆ. ನೀಲಿ ನೀರು, ಎರಡು ಹಂಸ, ಹಿಂದೆ ಮಸುಕಾದ ಬೆಟ್ಟ. ಹಾಕಿ ಮುಗಿಸಿ ಅರ್ಧ ಗಂಟೆ ಸುಮ್ಮನೆ ನೋಡುತ್ತಾ ಕೂತೆ. ಹಂಸಗಳು ನಿಜಕ್ಕೂ ಸ್ವಲ್ಪ ಮುಂದೆ ಬಂದ ಹಾಗಿತ್ತು.

ನೀರಿನ ಮೋಟರ್ ಹಾಕಲು ಬಂದ ಓನರ್ ತಾತ ಬಾಗಿಲಲ್ಲೇ ನಿಂತರು. ಈ ಊರಲ್ಲೇ ಹುಟ್ಟಿ, ರಾಗಿ ಬೆಳೆದು, ಈಗ ಅದೇ ಹೊಲದಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರು.

"ಯಾವೂರಮ್ಮ ಇದು?"

"ನಮ್ಮ ಕೆರೇನೂ ಹಿಂಗೇ ಆಗ್ಬೇಕು ಅಂತ ತಾತ."

ಬಹಳ ಹೊತ್ತು ನೋಡಿದರು. "ಹಕ್ಕಿ ಬರ್ಲಿ ಬಿಡು. ಆ ಬೆಟ್ಟನ ಯಾರ ಸೈಟಲ್ಲಿ ಇಡ್ತೀರಿ?"

೨. ಮಂಜು

ಸರಿ, ಮುಂದಿನ ಸ್ಲೈಡಿಗೆ ನಮ್ಮ ಕೆರೆಯ ಫೋಟೋವನ್ನೇ ಹಾಕೋಣ ಎಂದು ಬೆಳಗ್ಗೆ ಆರಕ್ಕೆ ಹೋದೆ. ಬಿಸಿಲು ಇನ್ನೂ ಎಳೆಯದು. ನೀರಿನ ಮೇಲೆ ಬಿಳಿ ರಾಶಿ ತೇಲುತ್ತಿತ್ತು. ಒಂದು ಬೆಳ್ಳಕ್ಕಿ ಅದರ ನಡುವೆ ನಿಂತಿತ್ತು. ಟೀಚರಿಗೆ ಕಳಿಸಿದೆ.

"ಎಂಥಾ ಮಂಜು ಕಣಮ್ಮ!"

"ಟೀಚರ್, ಅದು ನೊರೆ. ಬಟ್ಟೆ ಸೋಪಿಂದು."

ಅಷ್ಟರಲ್ಲಿ ಅವರು ಅದನ್ನು ನಾಲ್ಕು ಗ್ರೂಪಿಗೆ ಕಳಿಸಿಯಾಗಿತ್ತು. ಮಾರನೇ ದಿನ ಕೆ.ಆರ್. ಪುರದ ನನ್ನ ಚಿಕ್ಕಮ್ಮನಿಂದ ಅದೇ ಫೋಟೋ ನನಗೇ ಬಂತು. ಮೇಲೆ ಗುಲಾಬಿ ಹೂವು, ಕೆಳಗೆ 'ಶುಭೋದಯ'. ಜೊತೆಗೊಂದು ಸಾಲು: "ಇಂಥಾ ಜಾಗಕ್ಕೆಲ್ಲ ನೀನು ಯಾವತ್ತು ಹೋಗ್ತೀಯೇ?"

೩. ಮೀನು

ಆಕ್ಸಿಜನ್ ಗ್ರಾಫಿನ ಸ್ಲೈಡ್ ಬೋಳಾಗಿತ್ತು. ಎಡದಿಂದ ಬಲಕ್ಕೆ ನಿಧಾನವಾಗಿ ಈಜುವ ಒಂದು ಕಿತ್ತಳೆ ಮೀನು ಬಿಟ್ಟೆ. ಲ್ಯಾಬಿನ ಗೆಳೆಯ ನೋಡಿದ.

"ಗುರು, ನಿನ್ನ ಗ್ರಾಫ್ ಪ್ರಕಾರ ನೀರಲ್ಲಿ ಆಕ್ಸಿಜನ್ನೇ ಇಲ್ಲ. ಇದು ಹೆಂಗೆ ಈಜ್ತಿದೆ?"

ಮಾತು ಸರಿ. ಮೀನನ್ನು ತಿರುಗಿಸಿ ಹೊಟ್ಟೆ ಮೇಲಾಗಿಸಿದೆ. ಆಗಲೂ ಅದು ಎಡದಿಂದ ಬಲಕ್ಕೆ, ಅಷ್ಟೇ ನಿಧಾನವಾಗಿ ತೇಲಿಹೋಯಿತು.

ಸಂಜೆ ತೋರಿಸಿದಾಗ ಟೀಚರ್ ಕಣ್ಣು ಒದ್ದೆಯಾಯಿತು. "ಇದನ್ನ ಉಳಿಸಕ್ಕಾಗಲ್ವಾ?"

"ಕಾಲುವೆ ತೆಗೆದು ಒಳ್ಳೇ ನೀರು ಬಂದ್ರೆ ಉಳಿಯುತ್ತೆ ಟೀಚರ್."

"ಅಲ್ಲೀವರೆಗೂ ಪಾಪ, ಬೇರೆ ಯಾವುದಾದ್ರೂ ಸ್ಲೈಡಿಗೆ ಬಿಟ್ಟಿರಮ್ಮ."

೪. ಹಸಿರು

ಕೊನೆಯದು ಮ್ಯಾಪು. ಮೇಲಿನಿಂದ ತೆಗೆದ ಉಪಗ್ರಹ ಚಿತ್ರ, ಮಧ್ಯೆ ಕೆರೆ. ಕಾಲುವೆ ಗೊತ್ತಿಲ್ಲದ್ದರಿಂದ ಸುತ್ತ ತೋರಿಸಲು ಏನೂ ಇರಲಿಲ್ಲ. ಖಾಲಿ ಕಾಣಬಾರದೆಂದು ತೆಳು ಹಸಿರು ಬಳಿದೆ. ಅಂಚು ಮೆತ್ತಗೆ ಮಾಡಿದೆ. ಮನೆಗಳೆಲ್ಲ ಮಸುಕಾಗಿ, ರಾಗಿ ಹೊಲ ಗಾಳಿಗೆ ಬಾಗಿದಂತೆ ಕಂಡಿತು.

ಭಾನುವಾರ ಬೆಳಗ್ಗೆ ಶಾಲೆಯ ಹಾಲಿನಲ್ಲಿ ಸಭೆ. ಕಿಟಕಿ ಪರದೆ ಎಳೆದು ಕತ್ತಲೆ ಮಾಡಿ, ಗೋಡೆಗೆ ಪ್ರೊಜೆಕ್ಟರ್ ಬಿಟ್ಟಿದ್ದೆವು. ಹಂಸ ಬರುವ ಹೊತ್ತಿಗೇ ಹಿರಿಯರೆಲ್ಲ ತೂಕಡಿಸುತ್ತಿದ್ದರು. ಮೀನಿಗೂ ಏಳಲಿಲ್ಲ. ಇಂಜಿನಿಯರ್ ಗಡಿಯಾರ ನೋಡಿಕೊಂಡರು. ಮ್ಯಾಪ್ ಹಾಕಿದೆ.

ಓನರ್ ತಾತ ಎದ್ದು ನಿಂತರು. "ಯಾರು ಹಸಿರು ಹಾಕಿದ್ದು?"

"ನಾನೇ ತಾತ."

"ನನ್ನ ಮನೆ ಮೇಲೆ ಹಸಿರು ಹಾಕಿದ್ದೀಯಾ! ಮೂರು ಮಹಡಿ ಕಟ್ಟಿದ್ದೀನಿ ಕಣಮ್ಮ!"

ಸರ್ಕಾರದ ಪ್ಲಾನಿನಲ್ಲಿ ಹಸಿರೆಂದರೆ ಮನೆ ಕಟ್ಟುವಂತಿಲ್ಲ, ಹಳದಿಯೆಂದರೆ ಕಟ್ಟಬಹುದು. ಬಿ.ಎಸ್ಸಿ.ಯಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

"ಬರೀ ಚೆಂದಕ್ಕೆ ಹಾಕಿದ್ದು ತಾತ."

ಯಾರೂ ನಂಬಲಿಲ್ಲ. ತಾತ ಗೋಡೆಯ ಹತ್ತಿರ ಹೋಗಿ ಬೆರಳಿಟ್ಟರು. ಅವರ ಬಿಳಿ ಅಂಗಿಯೂ ಹಸಿರಾಯಿತು. "ನೋಡಿ ಸಾರ್, ನಂದು ಈ ಹುಣಸೆಮರಕ್ಕೆ ಮುಗೀತು. ಹಸಿರು ಬಳಿಯೋದಿದ್ರೆ ಆಚೆ ಬಳೀರಿ. ಕಾಲುವೆ ಇದ್ದಿದ್ದು ಆಚೆ, ಇವನ ಕಡೆ!"

ಎದುರುಮನೆ ಅಜ್ಜ ಛಂಗನೆ ಎದ್ದರು. "ನನ್ನ ಕಡೆ ಎಲ್ಲಯ್ಯಾ? ಅದು ಬಾವಿ ಬಳಸ್ಕೊಂಡು ನಿನ್ನ ಶೆಡ್ ಕೆಳಗೇ ಹೋಗಲ್ವಾ? ಅಲ್ಲೇ ತಾನೆ ಇಬ್ರೂ ಎಮ್ಮೆ ತೊಳೀತಿದ್ದಿದ್ದು?"

"ಶೆಡ್ ಕೆಳಗೆ ಬರೀ ಹತ್ತು ಅಡಿ! ಆಮೇಲೆ ನಿನ್ನ ತೆಂಗಿನ ಸಾಲಿಗೆ ತಿರುಗುತ್ತೆ!"

ಟೀಚರ್ ನನ್ನ ಮೊಣಕೈ ತಿವಿದರು. ನಾನು ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣ ತೆಗೆದುಕೊಂಡು ಅವರ ಬೆರಳು ಹೋದ ಕಡೆಯೆಲ್ಲ ಗೆರೆ ಎಳೆದೆ. ಹುಣಸೆಮರ, ಬಾವಿ, ಶೆಡ್, ತೆಂಗಿನ ಸಾಲು. ಕತ್ತಲೆಯಲ್ಲಿ ನೀಲಿ ಗೆರೆ ಹಸಿರಿನೊಳಗೆ ಮೆಲ್ಲಗೆ ಹರಿದು ಬಂದು ಕೆರೆ ಮುಟ್ಟಿತು.

ಜಗಳ ನಿಂತಿತು. ಇಬ್ಬರೂ ಗೋಡೆಯನ್ನು ನೋಡಿದರು. ಹಿಂದೆ ಯಾರೋ, "ಹೌದು, ಹಿಂಗೇ ಬರ್ತಿತ್ತು" ಎಂದರು.

ಇಂಜಿನಿಯರ್ ಫೋನಿನಲ್ಲಿ ಫೋಟೋ ತೆಗೆದುಕೊಂಡರು. "ನಾಳೆ ಸರ್ವೇಯರ್ ಕಳಿಸ್ತೀನಿ. ತುಂಬಾ ರಿಸರ್ಚ್ ಮಾಡಿದ್ದೀರಮ್ಮ."

ಮಾರನೇ ದಿನ ಬೆಳಗ್ಗೆ ಓನರ್ ತಾತ ಬಾಗಿಲು ತಟ್ಟಿದರು. ಮನೆ ಖಾಲಿ ಮಾಡು ಎನ್ನುತ್ತಾರೆಂದು ಕಾದೆ.

"ಶೆಡ್ಡು ಹೋದ್ರೆ ಹೋಗ್ಲಿ, ಹಳೇದು. ಮನೆ ಮೇಲಿರೋ ಹಸಿರು ತೆಗೆದು ಹಳದಿ ಹಾಕು."

ಲ್ಯಾಪ್‌ಟಾಪ್ ತೆರೆದು ಹಳದಿ ತುಂಬಿಸಿದೆ. ತಾತ ಕನ್ನಡಕ ಹಾಕಿಕೊಂಡು, ನಾಲ್ಕೂ ಮೂಲೆ ಪರೀಕ್ಷಿಸಿ, ನಿಟ್ಟುಸಿರು ಬಿಟ್ಟರು.

"ಸೇವ್ ಮಾಡ್ದಾ?"

"ಮಾಡ್ದೆ ತಾತ."

"ಹಂಗೇ ಒಂದು ಕಲರ್ ಪ್ರಿಂಟ್ ಕೊಡು. ಕ್ರಯಪತ್ರದ ಜೊತೆ ಬೀರೂಲಿ ಇಡ್ತೀನಿ."