ಲ್ಯಾಪ್‌ಟಾಪಿನ ಹಗಲು ಜಾಗರಣೆ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುನೇಶ ದಿನಾ ಸಂಜೆ ಕಂಪ್ಯೂಟರಿನ ಪರದೆಯ ಗುಂಡಿಯೊತ್ತಿ, ಅದು ಕಪ್ಪಾದದ್ದನ್ನು ಕಣ್ಣಾರೆ ಕಂಡು, ಯಂತ್ರವನ್ನು ಆರಿಸಿದೆನೆಂಬ ನೆಮ್ಮದಿಯಲ್ಲಿ ಮನೆಗೆ ಹೋಗುತ್ತಿದ್ದ. ಮೇಜಿನ ಕೆಳಗೆ ಹಗಲಿರುಳು ಗುಂಯ್ ಅನ್ನುತ್ತಿದ್ದ ಕರಿ ಡಬ್ಬ ಕಾಲು ಚಾಚಿಕೊಳ್ಳಲು ಕೊಟ್ಟ ಸೌಕರ್ಯವೆಂದುಕೊಂಡಿದ್ದ. ಚಳಿಗಾಲದಲ್ಲಿ ನೌಕರರ ಪಾದ ಬೆಚ್ಚಗಿಡಲು ಕಂಪನಿ ಇಷ್ಟು ಮುತುವರ್ಜಿ ವಹಿಸಿದ್ದಕ್ಕೆ ಮ್ಯಾನೇಜರಿಗೆ ಒಮ್ಮೆ ಥ್ಯಾಂಕ್ಸ್ ಕೂಡ ಹೇಳಿದ್ದ. (ಮ್ಯಾನೇಜರು ತಲೆಬುಡ ತಿಳಿಯದೆ ‘ಇರಲಿ ಬಿಡಿ’ ಅಂದಿದ್ದರು.)

ಇಂಥ ಮಹಾಮೇಧಾವಿಗೆ ಹೆಬ್ಬಾಳದಲ್ಲಿ ಪಶು ಆಹಾರ ಮಾರುವ ಕಂಪನಿಯೊಂದರಲ್ಲಿ ಬಿಲ್ಲು ಟೈಪ್ ಮಾಡುವ ಕೆಲಸ. ಆದರೆ ಸಂಬಂಧ ತಂದವರು ಹೆಣ್ಣಿನ ಮನೆಯಲ್ಲಿ ‘ಹುಡುಗ ಕಂಪ್ಯೂಟರಲ್ಲಿದಾನೆ’ ಅಂದುಬಿಟ್ಟಿದ್ದರು. ಅದನ್ನು ತಿದ್ದುವ ಧೈರ್ಯ ಮುನೇಶನಿಗೆ ಮದುವೆಗೆ ಮುಂಚೆ ಬರಲಿಲ್ಲ. ಮದುವೆಯಾದ ಮೇಲೆ ತಿದ್ದಬೇಕು ಅನ್ನಿಸಲಿಲ್ಲ. ಕಾರಣವಿತ್ತು. ಬಾಗಲಗುಂಟೆಯ ಮಾವನ ಮನೆಯಲ್ಲಿ ಅವನು ಕೂತ ಕಡೆಗೆ ಫ್ಯಾನು ತಿರುಗುತ್ತಿತ್ತು, ಟಿವಿಯ ರಿಮೋಟು ತಾನಾಗಿ ಕೈಗೆ ಬರುತ್ತಿತ್ತು. ಸ್ವಂತ ಮನೆಯಲ್ಲಿ ಇವೆರಡೂ ಹೆಂಡತಿ ಹರ್ಷಿತಾಳ ಸಾಮ್ರಾಜ್ಯಕ್ಕೆ ಸೇರಿದ್ದವು.

ಒಂದು ಭಾನುವಾರ ಬೆಳಿಗ್ಗೆ ಮಾವ ಮುನಿಕೃಷ್ಣಪ್ಪನವರ ಫೋನು ಬಂತು.

“ಅಳಿಯಂದಿರೇ, ನಮ್ ಮೋನಿಷಾದು ಲ್ಯಾಪ್‌ಟಾಪ್ ಕೆಟ್ಟೋಗಿದೆ. ಅದು ಮಲಗಿ ಎದ್ರೆ ಮುಖದ ತುಂಬಾ ಗೆರೆ. ನಾಳೆ ಕಾಲೇಜಲ್ಲಿ ಅದೇನೋ ಪ್ರಾಜೆಕ್ಟ್ ತೋರಿಸ್ಬೇಕಂತೆ, ಅಳ್ತಾ ಕೂತವ್ಳೆ. ನೀವಿದೀರಲ್ಲ ಅಂತ ಧೈರ್ಯ ಹೇಳಿದೀನಿ.”

“ಯಾರ್ನೂ ಮುಟ್ಟಕ್ಕೆ ಬಿಡ್ಬೇಡಿ ಮಾವ. ಹೊರಟೆ,” ಅಂದ ಮುನೇಶ, ಶಸ್ತ್ರಚಿಕಿತ್ಸೆಗೆ ಹೊರಟ ಡಾಕ್ಟರ ಗತ್ತಿನಲ್ಲಿ.

“ಗೊತ್ತಿಲ್ಲ ಅಂತ ಹೇಳ್ಬಿಡ್ರೀ,” ಅಂದಳು ಹರ್ಷಿತಾ. “ನನ್ ತಂಗಿ ಮಾರ್ಕ್ಸ್ ಜೊತೆ ಆಟ ಆಡ್ಬೇಡಿ.”

“ಮರ್ಯಾದೆ ಪ್ರಶ್ನೆ ಕಣೇ. ಇವತ್ತು ಗೊತ್ತಿಲ್ಲ ಅಂದ್ರೆ ನಾಳೆಯಿಂದ ನಿಮ್ಮಪ್ಪ ನನ್ನ ‘ಏನಯ್ಯಾ’ ಅಂತಾರೆ.”

“ಅಂದ್ರೆ ಅನ್ಲಿ. ನಾನು ದಿನಾ ಅದಕ್ಕಿಂತ ಜಾಸ್ತಿನೇ ಅಂತೀನಲ್ಲ, ಏನಾಗಿದೆ ಈಗ?”

ಹುಣಸಮಾರನಹಳ್ಳಿಯ ತಮ್ಮ ಮನೆಯಿಂದ ಇಬ್ಬರೂ ಬೈಕಿನಲ್ಲಿ ಬಾಗಲಗುಂಟೆ ತಲುಪುವ ಹೊತ್ತಿಗೆ ಅತ್ತೆ ಕಲಾವತಿಯವರ ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. ನಡುಮನೆಯಲ್ಲಿ ಲ್ಯಾಪ್‌ಟಾಪನ್ನು ಮಣೆಯ ಮೇಲಿಟ್ಟು ಮನೆಮಂದಿ ಸುತ್ತ ಕೂತಿದ್ದರು. ಮೋನಿಷಾ ಅದನ್ನು ಎಬ್ಬಿಸಿ ತೋರಿಸಿದಳು. ಪರದೆಯ ತುಂಬ ನೇರಳೆ, ಹಸಿರು ಪಟ್ಟೆಗಳು. ರೇಷ್ಮೆ ಸೀರೆಯ ಅಂಚನ್ನು ಯಾರೋ ಚಿಂದಿ ಮಾಡಿ ಒಣಹಾಕಿದ ಹಾಗೆ.

“ನಮ್ ಹಳೇ ಟಿವಿನೂ ಹಿಂಗೇ ಮಾಡ್ತಿತ್ತು,” ಅಂದರು ಮುನಿಕೃಷ್ಣಪ್ಪ. “ತಲೆ ಮೇಲೆ ಎರಡು ಬಿಟ್ರೆ ಸರಿಯಾಗ್ತಿತ್ತು. ಆದ್ರೆ ನೀವ್ ಹೇಳ್ದಂಗೆ.”

ಮುನೇಶ ಗಂಭೀರವಾಗಿ ಹುಬ್ಬು ಗಂಟಿಕ್ಕಿ, ತನಗೆ ಗೊತ್ತಿದ್ದ ಏಕೈಕ ದಿವ್ಯೌಷಧವನ್ನು ಪ್ರಯೋಗಿಸಿದ. ಆರಿಸಿ ಮತ್ತೆ ಹಚ್ಚಿದ. ಪರದೆ ಕನ್ನಡಿಯಂತೆ ಹೊಳೆಯಿತು! ಅತ್ತೆ ಕೈಮುಗಿದರು. ಮಾವ ಹರ್ಷಿತಾಳತ್ತ ‘ನೋಡಿದ್ಯಾ, ಎಂಥೋನ್ನ ಹುಡುಕಿದೆ’ ಎಂಬ ನೋಟ ಬೀರಿದರು. ಅವನು ಮುದ್ದೆಯ ಮೊದಲ ತುತ್ತು ನುಂಗುವಷ್ಟರಲ್ಲಿ ಲ್ಯಾಪ್‌ಟಾಪು ಕಣ್ಣು ಮುಚ್ಚಿತು. ಎಬ್ಬಿಸಿದರೆ ಮತ್ತೆ ಅದೇ ಸೀರೆ.

ಊಟ ಮುಗಿಸಿ ಮುನೇಶ ಕೈತೊಳೆಯುವ ನೆಪದಲ್ಲಿ ಬಚ್ಚಲುಮನೆಗೆ ಹೋಗಿ, ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಹುಡುಕಿದ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕು ಅಂದಿದ್ದ ಒಬ್ಬ. ಹೊಸದು ಹಾಕಿದ್ದೇ ತಪ್ಪು, ಹಳೆಯದಕ್ಕೆ ಹೋಗು ಅಂದಿದ್ದ ಇನ್ನೊಬ್ಬ. ನ್ಯಾಯವಾಗಿರಲೆಂದು ಮುನೇಶ ಹೊರಗೆ ಬಂದು ಎರಡನ್ನೂ ಮಾಡಿದ. ಪರದೆಯ ಅಕ್ಷರಗಳು ಗುಂಡು ಬದನೆಕಾಯಿಯಷ್ಟು ದಪ್ಪಗಾದವು.

“ಈಗ ಚೆನ್ನಾಗಿ ಕಾಣ್ತದೆ,” ಅಂದರು ಅಜ್ಜಿ ದೊಡ್ಡಮುನಿಯಮ್ಮ. ಹಾಗಂದವರು ಅವರೊಬ್ಬರೇ.

ಆ ಬದನೆಕಾಯಿಗಳನ್ನು ಮೋನಿಷಾ ಹೇಗೋ ಸಣ್ಣಗೆ ಮಾಡಿದಳು. ಆಗ ಮುನೇಶನ ತಲೆಯಲ್ಲಿ ಮಿಂಚು ಹೊಳೆಯಿತು. ರೋಗವೆಲ್ಲ ಏಳುವುದರಲ್ಲಿದೆ. ಮಲಗಿದರೆ ತಾನೇ ಏಳುವುದು?

“ಇದು ನಾಳೆವರ್ಗೂ ಮಲಗಬಾರ್ದು,” ಎಂದು ಅಪ್ಪಣೆ ಕೊಡಿಸಿದ. “ಒಬ್ರಾದ್ಮೇಲೆ ಒಬ್ರು ಪಕ್ಕದಲ್ಲಿ ಕೂತು ಕೀಗಳ ಕೆಳಗಿರೋ ಈ ಚೌಕದ ಮೇಲೆ ಬೆರಳಾಡಿಸ್ತಾ ಇರಿ.”

“ಭಾವ, ಅದಕ್ಕೆ ಸೆಟ್ಟಿಂಗಲ್ಲಿ...” ಎಂದು ಮೋನಿಷಾ ಬಾಯಿ ತೆರೆದಳು. ಅತ್ತೆ ಅವಳ ತೊಡೆ ಚಿವುಟಿದರು. ಹೊಸ ಅಳಿಯನ ಮಾತಿಗೆ ಎದುರಾಡುವುದು ಆ ಮನೆಯಲ್ಲಿ ಇರಲಿಲ್ಲ. ಅಳಿಯ ಸಾರಿಗೆ ಉಪ್ಪು ಸಾಲದು ಅಂದರೆ ಉಪ್ಪು ಹೆಚ್ಚಾದ ಸಾರಿಗೂ ಇನ್ನಷ್ಟು ಉಪ್ಪು ಬೀಳುತ್ತಿತ್ತು.

ಹಾಗೆ ಹಾಡುಹಗಲೇ ಶಿವರಾತ್ರಿ ಶುರುವಾಯಿತು. ಮೊದಲ ಸರದಿ ಮೋನಿಷಾಳದು. ಅವಳು ತುಟಿ ಕಚ್ಚಿಕೊಂಡು ಏನೇನೋ ಒತ್ತಿ ಎದ್ದುಹೋದಳು. ಆಮೇಲೆ ಅತ್ತೆ ಅವರೆಕಾಯಿ ಸುಲಿಯುತ್ತ ಎಡಗೈ ಬೆರಳಾಡಿಸಿದರು. ಮಾವ ಮಗುವಿಗೆ ಬಜೆ ನೆಕ್ಕಿಸುವ ಹಾಗೆ ನಾಜೂಕಾಗಿ ಸವರಿದರು. ಮುನೇಶ ಕೈ ಹಿಂದೆ ಕಟ್ಟಿಕೊಂಡು ಮೇಲ್ವಿಚಾರಣೆ ನಡೆಸಿದ.

“ನಿಧಾನ ಮಾವ. ಅದಕ್ಕೆ ಕಚಗುಳಿ ಆಗ್ಬಾರ್ದು.”

“ಆಯ್ತು ಅಳಿಯಂದಿರೇ.”

ಹರ್ಷಿತಾ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ತಂಗಿಯ ಚಿಂತೆಗೆ ಅಳುತ್ತಿದ್ದಾಳೆಂದು ಮುನೇಶ ಸಮಾಧಾನ ಮಾಡಿದ. ಅವಳ ಭುಜ ಇನ್ನೂ ಜೋರಾಗಿ ಕುಲುಕಿತು.

ಸಂಜೆ ಕಾಫಿ ಕುಡಿದು ಒಳಗೆ ಬಂದವನು ಬಾಗಿಲಲ್ಲೇ ನಿಂತ. ಸರದಿಯ ಮೇಲಿದ್ದ ಅಜ್ಜಿ ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದರು. ಕೈ ಮಡಿಲಿಗೆ ಜಾರಿತ್ತು. ಆದರೆ ಪರದೆ ದೀಪದಂತೆ ಉರಿಯುತ್ತಿತ್ತು!

“ಎಲ್ರೂ ಬನ್ನಿ!” ಎಂದು ಕೂಗಿದ. “ಅಜ್ಜಿ ಮಲಗಿದ್ರೂ ಇದು ಮಲಗಿಲ್ಲ! ರೂಢಿ ಆಗೋಯ್ತು ಮಾವ! ನಾವು ತಿದ್ದಿಬಿಟ್ವಿ ಇದನ್ನ!”

ಯಾರೂ ಅವನ ಮುಖ ನೋಡಲಿಲ್ಲ. ಮಾವ ಕ್ಯಾಲೆಂಡರು ನೋಡಿದರು. ಅತ್ತೆ ಫುಸ್ಸೆಂದು ನಕ್ಕು ಕೆಮ್ಮಿದರು. ಮೋನಿಷಾಗೆ ತಡೆಯಲಾಗಲಿಲ್ಲ.

“ಭಾವ, ಅದು ಮಲಗದೇ ಇರೋ ಹಾಗೆ ನಾನು ಮಧ್ಯಾಹ್ನಾನೇ ಸೆಟ್ಟಿಂಗ್ ಬದಲಾಯಿಸ್ದೆ. ಪ್ರಾಜೆಕ್ಟ್‌ನೂ ಪೆನ್‌ಡ್ರೈವಿಗೆ ಹಾಕ್ಕೊಂಡೆ. ನಾಳೆ ಕಾಲೇಜಿನ ಕಂಪ್ಯೂಟರಲ್ಲೇ ತೋರಿಸ್ತೀನಿ.”

“ಮತ್ತೆ... ಎಲ್ರೂ ಯಾಕೆ ಬೆರಳಾಡಿಸ್ತಾ ಕೂತಿದ್ರಿ?”

“ನೀವ್ ಹೇಳಿದ್ರಲ್ಲ ಅಳಿಯಂದಿರೇ,” ಅಂದರು ಮುನಿಕೃಷ್ಣಪ್ಪ, ತಾವೇ ತಪ್ಪು ಮಾಡಿದವರ ಹಾಗೆ.

ಮುನೇಶನ ಕಿವಿ ಕೆಂಪಾಯಿತು. ಗಾಳಿ ಬಿಟ್ಟ ಬಲೂನಿನಂತೆ ಕುಗ್ಗಿ, ಕೇಳಬಾರದೆಂದು ಗೊತ್ತಿದ್ದರೂ ಕೇಳಿದ: “ಅಂದ್ರೆ, ನನಗೆ ಕಂಪ್ಯೂಟರ್ ಬರಲ್ಲ ಅಂತ ನಿಮಗೆಲ್ಲ ಗೊತ್ತಿತ್ತಾ?”

ಅಜ್ಜಿಗೆ ಆಗಷ್ಟೇ ಎಚ್ಚರವಾಗಿತ್ತು.

“ಮದ್ವೆಗ್ ಮುಂಚೇನೇ ಗೊತ್ತಿತ್ತು ಕಣಪ್ಪಾ. ಉಡ್ಗ ಒಳ್ಳೇವ್ನು ಅಂತ ಎಣ್ ಕೊಟ್ವಿ, ಕೆಲಸಕ್ಕೆ ಬತ್ತಾನೆ ಅಂತಲ್ಲ.”