ನಗುವಿಗೆ ಐವತ್ತು ಅಂಕ

ಎಲ್ಲ ಶುರುವಾದದ್ದು ಒಂದು ದವಡೆಹಲ್ಲಿನಿಂದ.

ಆ ಹಲ್ಲು ಒಬ್ಬ ನಾಟಕದ ಹಾಸ್ಯನಟನದು. ನೀರು ಸರಬರಾಜು ಕಚೇರಿಯ ನೌಕರರ ಸಂಘ ಏರ್ಪಡಿಸಿದ್ದ ಹಾಸ್ಯ ಕಿರುಚಿತ್ರ ಸ್ಪರ್ಧೆಗೆ ಅವನೇ ತೀರ್ಪುಗಾರನಾಗಿ ಬರಬೇಕಿತ್ತು. ಹಲ್ಲು ಕೀಳಿಸಿಕೊಂಡು ಮುಖ ಕುಂಬಳಕಾಯಿಯಾಗಿದೆ, ಎರಡು ದಿನ ಬಾಯಿ ಅಲ್ಲಾಡಿಸಬಾರದು ಎಂದು ಬೆಳಿಗ್ಗೆ ಅವನ ಹೆಂಡತಿ ಫೋನ್ ಮಾಡಿದಳು. ನಗಲಾರದ ತೀರ್ಪುಗಾರನನ್ನು ಕಟ್ಟಿಕೊಂಡು ಏನು ಮಾಡುವುದು? ಸಂಘದ ಕಾರ್ಯದರ್ಶಿ ಅಂಡು ಸುಟ್ಟ ಬೆಕ್ಕಿನಂತೆ ಮಹಡಿಯಿಂದ ಮಹಡಿಗೆ ಓಡಾಡಿ, ಕೊನೆಗೆ ಕೆಳಗಿನ ದೂರು ವಿಭಾಗಕ್ಕೆ ಬಂದು ಮೌನಕ್ಕನ ಮೇಜಿನ ಮುಂದೆ ನಿಂತ.

ಮೌನಕ್ಕ ಅವಳ ಹೆಸರಲ್ಲ, ಆಫೀಸಿನವರು ಇಟ್ಟದ್ದು. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಬೈಯುವವರು, ಮನೆಯೊಳಗೇ ನೀರು ಬಂತೆಂದು ಬೈಯುವವರು, ಇಬ್ಬರ ಮಾತನ್ನೂ ಹದಿನಾಲ್ಕು ವರ್ಷದಿಂದ ಎದುರಾಡದೆ ಬರೆದುಕೊಂಡು ಬಂದವಳು ಅವಳು. ಅಷ್ಟು ಬೈಗುಳ ಕೇಳಿದವಳ ಮುಖದಲ್ಲಿ ಏನಾದರೂ ಮೂಡಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಮನೆಯಲ್ಲೂ ಅಷ್ಟೆ. ಗಂಡ ಜೋಕು ಹೇಳಿದರೆ ಮಗಳು ನಕ್ಕ ಮೇಲೆ ತಾನೂ ನಗುತ್ತಿದ್ದಳು.

"ಅಕ್ಕಾ, ಮೂರು ಗಂಟೆಗೆ ನೀವೇ ತೀರ್ಪು ಕೊಡ್ಬೇಕು."

"ಏನಕ್ಕೆ?"

"ಹಾಸ್ಯಚಿತ್ರಕ್ಕೆ."

"ನಾನಾ? ತಮಾಷೆ ಮಾಡ್ಬೇಡಪ್ಪ."

"ತಮಾಷೆ ಅಲ್ಲಕ್ಕಾ. ಇಡೀ ಆಫೀಸಲ್ಲಿ ಯಾವ ಚಿತ್ರದಲ್ಲೂ ಇಲ್ಲದೇ ಇರೋರು ನೀವೊಬ್ರೇ. ಮಿಕ್ಕೋರೆಲ್ಲಾ ಒಂದಲ್ಲ ಒಂದ್ರಲ್ಲಿ ಮೂತಿ ತೋರ್ಸಿದಾರೆ."

ಇದು ಗೌರವವೋ ಅವಮಾನವೋ ಮೌನಕ್ಕನಿಗೆ ಬಗೆಹರಿಯಲಿಲ್ಲ. ಮೂರು ತಿಂಗಳಿಂದ ಕಾರಿಡಾರಿನಲ್ಲಿ, ಮೆಟ್ಟಿಲ ಮೇಲೆ, ಲಿಫ್ಟಿನೊಳಗೆ ಚಿತ್ರೀಕರಣ ನಡೆದಿತ್ತು. ಅಷ್ಟರಲ್ಲಿ ಅವಳಿಗೆ ಸಿಕ್ಕಿದ್ದ ಒಂದೇ ಮಾತು, "ಅಕ್ಕಾ, ಸ್ವಲ್ಪ ಆಚೆ ಸರೀರಿ, ಅಡ್ಡ ಬರ್ತೀರಿ."

ಕಾರ್ಯದರ್ಶಿ ಅಂಕಪಟ್ಟಿ ಕೊಟ್ಟ. ನಗುವಿಗೆ ಐವತ್ತು, ಸಂದೇಶಕ್ಕೆ ಮೂವತ್ತು, ಬೆಳಕಿಗೆ ಇಪ್ಪತ್ತು. "ಮೂರು ಚಿತ್ರ ಇದೆ. ಮಾಡಿದವರ ಹೆಸರು ಲಕೋಟೆಯೊಳಗಿದೆ, ನಿಮಗೆ ಬರೀ ನಂಬರು. ಯಾವ ಒತ್ತಡಾನೂ ಇಲ್ಲ" ಎಂದವನು ಬಾಗಿಲವರೆಗೆ ಹೋಗಿ ತಿರುಗಿ, "ಅಂದಹಾಗೆ, ಸಾಹೇಬರು ನಿಮ್ಮ ಟ್ರಾನ್ಸ್‌ಫರ್ ಫೈಲು ಇವತ್ತೇ ನೋಡ್ತಾರಂತೆ ಅಲ್ವಾ?" ಎಂದು ಕೇಳಿ ಮಾಯವಾದ.

ಮೌನಕ್ಕ ಅಂಕಪಟ್ಟಿಯನ್ನು ಇನ್ನೊಮ್ಮೆ ಓದಿಕೊಂಡಳು. ಅವಳ ಮನೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಹೋಗಲು ಎರಡು ಬಸ್ಸು, ಬರಲು ಎರಡು ಬಸ್ಸು. ಮಗಳು ಸ್ಕೂಲಿಂದ ಬಂದು ತಾನೇ ಬೀಗ ತೆಗೆದು, ತಾನೇ ಬಡಿಸಿಕೊಂಡು, ಟಿವಿಯ ಜೊತೆ ಮಾತಾಡುತ್ತ ತಿನ್ನುತ್ತಿದ್ದಳು. ಮನೆಯ ಎದುರುಗಡೆಯೇ ಕಚೇರಿಯ ಒಂದು ಶಾಖೆ ಇತ್ತು. ಅಲ್ಲಿನ ಕಿಟಕಿಯಿಂದ ಬಗ್ಗಿದರೆ ತಮ್ಮ ಬಾಲ್ಕನಿಯ ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಕಾಣುವಷ್ಟು ಹತ್ತಿರ. ಆ ಕಿಟಕಿಗಾಗಿ ನಾಲ್ಕು ವರ್ಷದಿಂದ ಅರ್ಜಿ ಹಾಕುತ್ತಿದ್ದಳು. ಈಗ ಬೇಕಾಗಿದ್ದದ್ದು ಸಾಹೇಬರ ಒಂದು ಸಹಿ.

ಸಾಹೇಬರ ಅಂಗಿಯಲ್ಲೂ ಮುಖದಲ್ಲೂ ಒಂದು ಸುಕ್ಕನ್ನು ಕಂಡವರಿರಲಿಲ್ಲ. ಎರಡಕ್ಕೂ ಒಟ್ಟಿಗೇ ಇಸ್ತ್ರಿ ಹಾಕಿಸುತ್ತಾರೆಂದು ಜನ ಆಡಿಕೊಳ್ಳುತ್ತಿದ್ದರು.

ಊಟದ ಹೊತ್ತಿಗೆ ಟೈಪಿಸ್ಟು ಡಬ್ಬಿ ಹಿಡಿದು ಬಂದು ಒತ್ತಿಕೊಂಡು ಕೂತಳು. ಆಫೀಸಿನಲ್ಲಿ ಮೌನಕ್ಕನಿಗೆ ಗೆಳತಿ ಎಂದರೆ ಅವಳೇ.

"ಅಕ್ಕಾ, ನನ್ನ ಮಾತು ಕೇಳು. ಎರಡನೇ ನಂಬರು ಸಾಹೇಬರ ಚಿತ್ರ. ಅದ್ರಲ್ಲಿ ಅವರು ಆ್ಯಕ್ಟ್ ಮಾಡಿದಾರೆ. ಕಣ್ಮುಚ್ಕೊಂಡು ಅದಕ್ಕೆ ಹಾಕಿಬಿಡು."

"ನೀನು ಯಾವುದ್ರಲ್ಲಿದೀಯ?"

"ನಾನೂ ಎರಡ್ರಲ್ಲೇ. ಅದು ಬೇರೆ ವಿಷಯ."

ಅವಳು ಕೈ ತೊಳೆಯಲು ಹೋದದ್ದೇ ತಡ, ಸಾಹೇಬರ ಡ್ರೈವರ್ ಬಂದ.

"ಟೈಪಿಸ್ಟಮ್ಮ ಹೇಳಿದ್ದು ನಂಬಬೇಡಿ ಅಕ್ಕಾ. ಎರಡ್ರಲ್ಲಿ ಸಾಹೇಬ್ರನ್ನ ಬಲವಂತವಾಗಿ ಕೂರಿಸಿದ್ದು. ಅವರ ಜೀವ ಇರೋದು ಒಂದನೇದ್ರಲ್ಲಿ. ಕಾರಲ್ಲಿ ಕತೆ ಕೇಳಿ ಅವರು 'ಹೂಂ' ಅಂದಿದಾರೆ."

"ಬರೀ ಹೂಂ ಅಂದ್ರಾ?"

"ನಮ್ಮ ಸಾಹೇಬರ ಬಾಯಲ್ಲಿ ಹೂಂ ಬಂತಂದ್ರೆ ಬೇರೆಯವರು ಕುಣಿದ ಹಾಗೆ ಅಕ್ಕಾ!"

"ಮತ್ತೆ ಮೂರನೇದು?"

"ಅದು ಯಾರದೋ ಏನೋ. ಸಂಘದ ಪೆಟ್ಟಿಗೆಯೊಳಗೆ ಲಕೋಟೆ ಹಾಕಿ ಹೋಗಿದಾರಂತೆ. ಅದನ್ನ ಲೆಕ್ಕಕ್ಕೇ ಇಟ್ಕೋಬೇಡಿ."

ತಲೆ ಮಜ್ಜಿಗೆ ಕಡೆದಂತಾಗಿ ಮೌನಕ್ಕ ಮನೆಗೆ ಫೋನ್ ಮಾಡಿದಳು. ಪರೀಕ್ಷೆಯ ರಜೆಯಲ್ಲಿದ್ದ ಮಗಳು ಎತ್ತಿಕೊಂಡಳು. ಮೌನಕ್ಕ ವಿಷಯ ಹೇಳಿದಳು.

"ಅಮ್ಮಾ, ನಿಂಗೆ ನಗೋಕೆ ಬರತ್ತಾ?"

"ಬರದೇ ಏನೇ? ದಿನಾ ನಗಲ್ವಾ ನಾನು?"

"ನೀನು ನಗೋದು ನಾವು ನಕ್ಕಾದ್ಮೇಲೆ. ಅಲ್ಲಿ ಮೊದಲು ಯಾರು ನಗ್ತಾರೆ ನೋಡ್ಕೋ. ಅಮ್ಮಾ... ಟ್ರಾನ್ಸ್‌ಫರ್ ಆಗತ್ತಲ್ವಾ?"

ಆಗತ್ತೆ ಎಂದಳು ಮೌನಕ್ಕ. ಎಷ್ಟು ಅಂಕಕ್ಕೆ ಆಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ಮೂರು ಗಂಟೆಗೆ ಸಭಾಂಗಣ ತುಂಬಿ ತುಳುಕುತ್ತಿತ್ತು. ಮುಂದಿನ ಸಾಲಿನ ನಟ್ಟನಡುವೆ ಮೌನಕ್ಕ, ಪಕ್ಕದಲ್ಲೇ ಸಾಹೇಬರು. ಮಗಳ ಉಪಾಯ ದೀಪ ಆರಿದ ಕೂಡಲೇ ಕೈಕೊಟ್ಟಿತು. ಯಾರು ಮೊದಲು ನಗುತ್ತಾರೆಂದು ಅವಳು ಹಿಂದೆ ತಿರುಗಿ ನೋಡಿದರೆ, ಅವರೆಲ್ಲ ತೀರ್ಪುಗಾರರು ಯಾವಾಗ ನಗುತ್ತಾರೆಂದು ಅವಳನ್ನೇ ನೋಡುತ್ತಿದ್ದರು.

ಒಂದನೇ ಚಿತ್ರದಲ್ಲಿ ಡ್ರೈವರ್ ಒದ್ದೆ ಮೆಟ್ಟಿಲ ಮೇಲೆ ಏಳು ಸಲ ಜಾರಿ ಬಿದ್ದ. ಪ್ರತಿ ಸಲವೂ ಹಿಂದಿನ ಸಾಲಿನ ಅವನ ಬಳಗ ಚಪ್ಪಾಳೆ ತಟ್ಟಿತು. ಸಾಹೇಬರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು. ಏನು ಬರೆಯಬೇಕೆಂದು ತೋಚದೆ ಮೌನಕ್ಕ ತನಗೆ ಗೊತ್ತಿದ್ದ ರೀತಿಯಲ್ಲೇ ಬರೆದಳು: "ಮೆಟ್ಟಿಲ ಮೇಲೆ ನೀರು. ಏಳು ಸಲ ಬಿದ್ದರೂ ಯಾರೂ ಒರೆಸಿಲ್ಲ. ತುರ್ತು ಕ್ರಮ ಅಗತ್ಯ."

ಎರಡನೆಯದರಲ್ಲಿ ಟೈಪಿಸ್ಟು ಗಂಡಸಿನ ವೇಷದಲ್ಲಿ ಬಂದು ಹೋದ ಮೇಲೆ ಸಾಹೇಬರು ಪ್ರತ್ಯಕ್ಷರಾದರು. ಕುರ್ಚಿಯಲ್ಲಿ ಕೂತು, ನೀರನ್ನು ಮಿತವಾಗಿ ಬಳಸಬೇಕೆಂದು ನಾಲ್ಕು ನಿಮಿಷ ಮಾತಾಡಿದರು. ಇದರಲ್ಲಿ ಎಲ್ಲಿ ನಗಬೇಕು? ನಗದಿದ್ದರೆ ಸಾಹೇಬರಿಗೆ ಬೇಸರ. ಸಂದೇಶದ ಜಾಗದಲ್ಲಿ ನಕ್ಕರೆ ಇನ್ನೂ ಬೇಸರ. ಎದುರಿಗೆ ಬಾಲ್ಕನಿಯ ಬಟ್ಟೆ ಕಂಡಂತಾಗಿ ಮೌನಕ್ಕ ಧೈರ್ಯ ಮಾಡಿ ನಕ್ಕೇಬಿಟ್ಟಳು. ಗಾಳಿ ಹಿಡಿದ ನಲ್ಲಿ ತಿರುಗಿಸಿದಾಗ ಬರುವಂಥ ಶಬ್ದ ಬಂತು.

ಸಾಹೇಬರು ಬಾಗಿ ಕೇಳಿದರು. "ನೀರು ಬೇಕಾ ಮೇಡಂ?"

"ಮಿತವಾಗಿ, ಸಾರ್" ಎಂದಳು ಅವಳು ಗಾಬರಿಯಲ್ಲಿ.

ಆಮೇಲೆ ಮೂರನೆಯದು. ಅದರಲ್ಲಿ ಮನುಷ್ಯರ ಮುಖವೇ ಇರಲಿಲ್ಲ. ಒಂದು ಮೇಜು, ಒಂದು ಪೊಟ್ಟಣ, ಗಮ್ ಟೇಪಿನ ಒಂದು ಉರುಳೆ, ಎರಡು ಕೈ. ಆ ಕೈಗಳು ಟೇಪಿನ ತುದಿಯನ್ನು ಹುಡುಕುತ್ತಿದ್ದವು. ಉಗುರಿನಿಂದ ಕೆರೆದವು, ಉರುಳೆಯನ್ನು ಬೆಳಕಿಗೆ ಹಿಡಿದವು, ಸುಸ್ತಾಗಿ ಒಂದರ ಮೇಲೊಂದು ಮಲಗಿದವು, ಮತ್ತೆ ಎದ್ದು ಕೆರೆದವು. ಕೊನೆಗೂ ತುದಿ ಸಿಕ್ಕಿತು. ಹೆಬ್ಬೆರಳಿಗೆ ಅಂಟಿತು. ಅದನ್ನು ಬಿಡಿಸಲು ಹೋದ ಎಡಗೈಯೂ ಅಂಟಿತು. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಎತ್ತಿದ ರಿಸೀವರ್ ಕೈ ಬಿಡಲಿಲ್ಲ. ಯಾರೋ ದೊಡ್ಡವರ ಫೋನಿರಬೇಕು, ಕೈಗಳು ವಿನಯದಿಂದ ನಮಸ್ಕಾರ ಮಾಡಲು ಹೋದವು. ನಡುವೆ ರಿಸೀವರ್ ಮಗುವಿನಂತೆ ಸಿಕ್ಕಿಕೊಂಡಿತು.

ಮೌನಕ್ಕನ ಹೊಟ್ಟೆಯೊಳಗೆ ಎಲ್ಲೋ ಏನೋ ಒಡೆಯಿತು. ಮೊದಲು ಕುಲುಕಿದಳು, ಆಮೇಲೆ ಕರವಸ್ತ್ರ ಬಾಯಿಗೆ ತುರುಕಿದಳು, ಅದೂ ಸಾಲದೆ ಅಂಕಪಟ್ಟಿಯಿಂದ ಮುಖ ಮುಚ್ಚಿಕೊಂಡಳು. ಯಾವುದಕ್ಕೂ ಜಗ್ಗದೆ ನಗು ಉಕ್ಕಿ ಬಂತು. ಅವಳಿಗಿಂತ ಮೊದಲು ಯಾರೂ ನಕ್ಕಿರಲಿಲ್ಲ. ಅವಳ ಜೊತೆಗೂ ಯಾರೂ ನಗಲಿಲ್ಲ, ಏಕೆಂದರೆ ಸಾಹೇಬರು ಮರದ ಗೊಂಬೆಯ ಹಾಗೆ ಕೂತು ಅವಳನ್ನೇ ನೋಡುತ್ತಿದ್ದರು. ಹಿಂದಿನಿಂದ ಟೈಪಿಸ್ಟು ಪಿಸುಗುಟ್ಟಿದಳು, "ಅಕ್ಕಾ, ಸಾಕು ಕಣೇ, ಕೆಲಸ ಕೆಡ್ತು."

ದೀಪ ಹತ್ತಿತು. ಕಾರ್ಯದರ್ಶಿ ಬಂದು ಎದುರಿಗೆ ನಿಂತು, ಎರಡು ಬೆರಳಿನಿಂದ ಮೂಗು ಕೆರೆದುಕೊಂಡ. ಎರಡೇ ಬೆರಳು ಏಕೆ ಎಂಬುದು ಅವಳಿಗೆ ಅರ್ಥವಾಗದೆ ಇರಲಿಲ್ಲ. ಗೆದ್ದ ಚಿತ್ರದ ನಂಬರು ಬರೆಯುವ ಚೀಟಿಯಲ್ಲಿ ಮೌನಕ್ಕ "೨" ಎಂದು ಬರೆದಳು. ಮಗಳ ಮುಖ ನೆನೆದು ಅದನ್ನು ಇನ್ನಷ್ಟು ಒತ್ತಿ ತಿದ್ದಿದಳು. ಆದರೆ ಪೆನ್ನು ಮುಚ್ಚಲು ಕೈ ಏಳಲಿಲ್ಲ. ಜಗತ್ತಿನ ದೂರುಗಳನ್ನೆಲ್ಲ ಒಂದಕ್ಷರ ಹೆಚ್ಚುಕಡಿಮೆ ಮಾಡದೆ ಬರೆದುಕೊಂಡವಳು, ತನಗೆ ಬಂದ ಒಂದೇ ಒಂದು ನಗುವನ್ನು ಬಂದಿಲ್ಲವೆಂದು ಬರೆಯುವುದು ಹೇಗೆ? ಎರಡನ್ನು ಹೊಡೆದುಹಾಕಿ ಮೂರೆಂದು ಬರೆದು ಚೀಟಿ ಕೊಟ್ಟಳು. ಇನ್ನು ಹತ್ತು ವರ್ಷ ಎರಡೆರಡು ಬಸ್ಸು ಎಂದು ಮನಸ್ಸು ಅಲ್ಲೇ ಲೆಕ್ಕ ಹಾಕಿತು.

"ಮೊದಲ ಬಹುಮಾನ, ಮೂರನೇ ಚಿತ್ರ!" ಎಂದು ಕಾರ್ಯದರ್ಶಿ ಹುಳಿ ನುಂಗಿದವನಂತೆ ಓದಿದ. ಲಕೋಟೆ ಹರಿದ. ಒಳಗಿನ ಹೆಸರನ್ನು ಓದಲು ಹೋಗಿ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ಸಾಹೇಬರೇ ಎದ್ದು ನಿಂತರು.

"ನಂದೇ ಅದು" ಎಂದರು ಮೆತ್ತಗೆ. "ಹನ್ನೊಂದು ಭಾನುವಾರ ಕೂತು ಮಾಡಿದ್ದು. ಮನೆಯವರು ಕ್ಯಾಮೆರಾ ಹಿಡ್ಕೊಂಡಿದ್ರು. ನಂದು ಅಂತ ಗೊತ್ತಾದ್ರೆ ನೀವೆಲ್ಲಾ ನಗ್ತೀರಿ ಅಂತ ಹೆಸರು ಹೇಳಲಿಲ್ಲ."

ಆಗ ಸಭಾಂಗಣ ನಕ್ಕಿತು ನೋಡಿ! ಡ್ರೈವರ್ ಹೊಟ್ಟೆ ಹಿಡಿದುಕೊಂಡ, ಟೈಪಿಸ್ಟು ಕಣ್ಣೊರೆಸಿಕೊಂಡಳು. ಮುಗಿದುಹೋದ ಚಿತ್ರಕ್ಕೆ ಇಡೀ ಕಚೇರಿ ಐದು ನಿಮಿಷ ನಗುತ್ತಲೇ ಇತ್ತು. "ಅಕ್ಕಾ, ಎಂಥಾ ಕಿಲಾಡಿ ಕಣೇ ನೀನು! ನಿನಗೆ ಮೊದಲೇ ಗೊತ್ತಿತ್ತಾ?" ಎಂದು ಟೈಪಿಸ್ಟು ತಿವಿದಳು. ತನಗೆ ಏನು ಗೊತ್ತಿತ್ತು ಏನು ಗೊತ್ತಿರಲಿಲ್ಲವೆಂಬುದೇ ಮೌನಕ್ಕನಿಗೆ ಗೊತ್ತಾಗಲಿಲ್ಲ.

ಐದು ಗಂಟೆಗೆ ಸಾಹೇಬರ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ಅವಳ ಫೈಲು ತೆರೆದಿತ್ತು. ವರ್ಗಾವಣೆಯ ಆದೇಶದ ಕೆಳಗೆ ಹಸಿರು ಶಾಯಿಯಲ್ಲಿ ಸಹಿ.

"ಇವತ್ತು ಬೆಳಿಗ್ಗೆ ಹತ್ತೂವರೆಗೇ ಹಾಕಿಬಿಟ್ಟಿದ್ದೆ ಮೇಡಂ" ಎಂದರು ಸಾಹೇಬರು.

ಹತ್ತೂವರೆಗೆ! ಅಂದರೆ ಹಲ್ಲು, ನಂಬರು, ಬೆವರು ಯಾವುದಕ್ಕೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮೌನಕ್ಕ ಕೈಮುಗಿದಳು. "ತುಂಬಾ ಉಪಕಾರ ಆಯ್ತು ಸಾರ್..."

"ಒಳ್ಳೇದಾಯ್ತು, ಇನ್ನೂ ರವಾನೆ ಆಗಿರಲಿಲ್ಲ." ಸಾಹೇಬರು ಪೆನ್ನಿನ ಮುಚ್ಚಳ ತೆಗೆದು ಸಹಿಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. "ಇಪ್ಪತ್ತಾರು ವರ್ಷದಲ್ಲಿ ನಾನು ಹೇಳದೇ ನನ್ನೆದುರು ನಕ್ಕವರು ನೀವೊಬ್ರೇ. ನಿಮ್ಮನ್ನ ಕಳಿಸಿ ನಾನಿಲ್ಲಿ ಯಾರಿಗೆ ಚಿತ್ರ ತೋರಿಸ್ಲಿ? ನನ್ನ ರಿಟೈರ್‌ಮೆಂಟ್‌ವರೆಗೂ ನೀವು ಇಲ್ಲೇ."

ಮೌನಕ್ಕ ಆ ಗೆರೆಯನ್ನು ನೋಡಿದಳು, ಸಾಹೇಬರ ಸುಕ್ಕಿಲ್ಲದ ಮುಖವನ್ನು ನೋಡಿದಳು. ಹಾಸ್ಯಚಿತ್ರ ಮಾಡಿದ ಮನುಷ್ಯ, ಇದೂ ಒಂದು ಹಾಸ್ಯವೇ ಇರಬೇಕು. ಅವಳು ಮನಸಾರೆ ನಕ್ಕುಬಿಟ್ಟಳು.

"ನೋಡಿ, ಇದೇ! ಇದಕ್ಕೇ ನಾನು ಬಿಡಲ್ಲ ಅಂದಿದ್ದು!" ಎಂದು ಸಾಹೇಬರು ಮೇಜು ಕುಟ್ಟಿ, ಆದೇಶವನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು.

ಮೌನಕ್ಕ ಬುಟ್ಟಿಯೊಳಗೆ ಬಗ್ಗಿ ನೋಡಿದಳು. "ಸಾರ್... ನೀವು ತಮಾಷೆ ಮಾಡ್ತಿದೀರಿ ಅಲ್ವಾ?"

ಸಾಹೇಬರು ಕನ್ನಡಕ ತೆಗೆದು, ಮೊದಲ ಸಲ ಅವಳನ್ನು ಸ್ವಲ್ಪ ಬೇಸರದಿಂದ ನೋಡಿದರು.

"ಹಾಸ್ಯದ ವಿಷಯದಲ್ಲಿ ನಾನು ಯಾವತ್ತೂ ತಮಾಷೆ ಮಾಡಲ್ಲ, ಮೇಡಂ."